ಒಂದು ಸಾವಿಗೆ ಕಾದ ಅವರೆ ಕಾಲ

ಚಳಿ ಬಿದ್ದು ಇಬ್ಬನಿ ಸುರಿಯತೊಡಗಿತೆಂದರೆ ತಾಳವಾಡಿಯ ಸುತ್ತ ಯಾವ ಬೀದಿಗೆ ಕಾಲಿಟ್ಟರೂ ಅವರೆಕಾಯಿಯ ಸೊಗಡು. ಜಗಲಿಯ ಮೇಲೆ ಹೆಂಗಸರು ಮೊರ ಇಟ್ಟುಕೊಂಡು ಕಾಳು ಹಿತಕುತ್ತಿರುತ್ತಾರೆ, ಒಳಗೆ ಸಾರು ಕುದಿಯುತ್ತಿರುತ್ತದೆ. ದೂರದ ಊರು ಸೇರಿದವರು ಈ ವಾಸನೆ ನೆನೆದು ಬಾಯಲ್ಲಿ ನೀರೂರಿಸಿಕೊಳ್ಳುತ್ತಾರಂತೆ. ನಾನು ಮೂಗು ಮುಚ್ಚಿಕೊಂಡು ಬೀದಿ ದಾಟುತ್ತೇನೆ. ನನ್ನ ಹೆಂಡತಿ ಶಿವಮ್ಮ ಹಿತಕಿದ ಬೇಳೆ ಸಾರು ಮಾಡಿದ ದಿನ ನಾನು ಮಜ್ಜಿಗೆಯಲ್ಲಿ ಮುದ್ದೆ ನುಂಗಿ ಏಳುತ್ತೇನೆ. ‘ನಾಲ್ಗ ಸತ್ತೋಗದ ನಿಂದು’ ಎಂದು ಅವಳು ಬೈಯುತ್ತಾಳೆ. ಮೊನ್ನೆ ಸಂತೆಯಲ್ಲಿ ಒಬ್ಬಾಕೆ ಅವರೆ ಮೂಟೆಯ ಬಾಯಿ ಬಿಚ್ಚಿದಳು. ಪಕ್ಕದಲ್ಲೇ ನಿಂತಿದ್ದೆ. ದೊಡ್ಡಯ್ಯ ಸಾಯಲಿ ಎಂದು ಕಾದು ಕೂತ ಆ ವರ್ಷ ಪೂರ್ತಿ ನೆನಪಾಯಿತು.

ನನ್ನ ಕೆಲಸ ಮಂಟಪ ಕಟ್ಟುವುದು. ಮದುವೆಗೆ ಚಪ್ಪರ, ಮೈನೆರೆದ ಹುಡುಗಿಗೆ ಹೂವಿನ ಕುರ್ಚಿ, ಹೊಸ ಮನೆಯ ಬಾಗಿಲಿಗೆ ಅಲಂಕಾರ, ಎಲ್ಲವನ್ನೂ ಮಾಡುತ್ತೇನೆ. ಆದರೆ ಊರು ನನ್ನನ್ನು ಗುರುತಿಸುವುದು ಹೆಣದ ಮಂಟಪಕ್ಕೆ. ನಮ್ಮ ಕಡೆಯ ಶಿವನ ಒಕ್ಕಲಿನವರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಉಸಿರು ನಿಂತ ಕೂಡಲೇ, ಮೈ ಮರಗಟ್ಟುವ ಮೊದಲೇ, ಕಾಲು ಮಡಿಸಿ ಕೂರಿಸಬೇಕು. ಬೆನ್ನಿಗೆ ಹಲಗೆ ಕೊಟ್ಟು ಬಿಗಿಯಬೇಕು. ಹಣೆತುಂಬ ವಿಭೂತಿ ಬಳಿದು, ಬಿದಿರಿನ ಮಂಟಪದೊಳಗಿಟ್ಟು, ಹೂವು ಮುಚ್ಚಿ, ಹೆಗಲ ಮೇಲೆ ಹೊತ್ತು, ಕೂತಂತೆಯೇ ಗುಂಡಿಗೆ ಇಳಿಸಬೇಕು. ಅದೆಲ್ಲ ಒಂದು ದಿನದೊಳಗೆ ಮುಗಿಯಬೇಕು. ಹಲಗೆ ಬಿಗಿಯುವ ಕೈ ಪಳಗಿದ್ದಾಗಿರಬೇಕು, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲೂ ಇರಬೇಕು. ಅಪ್ಪನ ಕಾಲದಲ್ಲಿ ಇದು ಊರ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿ ಅಳೆದು ಕೊಡುತ್ತಿದ್ದರು. ನನ್ನ ಕಾಲಕ್ಕೆ ಅದು ‘ಆರ್ಡರ್’ ಆಯಿತು.

ಆರ್ಡರ್ ಆದ ಮೇಲೆ ನಾನು ಯಾರ ಆಳೂ ಅಲ್ಲವಂತೆ. ಟೀ ಅಂಗಡಿಯಲ್ಲಿ ಕೂತವರೆಲ್ಲ ಅದನ್ನೇ ಹೇಳುತ್ತಿದ್ದರು. ‘ನಿಂಗೇನ್ಲಾ ಮಾದೇಸ, ನಿಂಗ ನೀನೇ ಯಜಮಾನ. ಬೇಕಾದ್ರ ಕೆಲ್ಸ ಮಾಡ್ದಯ್, ಬ್ಯಾಡ್ದಿದ್ರ ಕಾಲ್ ಚಾಚ್ಕಂಡು ಮಲಗ್ದಯ್.’ ಅವರು ನನ್ನ ಜಾಗದಲ್ಲಿದ್ದು ಯಾರ ಮನೆಯದಾದರೂ ಒಂದು ಸಾವಿಗೆ ತಪ್ಪಿಸಿಕೊಂಡು ನೋಡಲಿ, ಯಜಮಾನಿಕೆ ಏನೆಂದು ಗೊತ್ತಾಗುತ್ತದೆ. ಇಸ್ಕೂಲು ಮೇಷ್ಟರಿಗೆ ರಜ ಉಂಟು. ಬಸ್ಸಿನ ಡ್ರೈವರನಿಗೆ ಉಂಟು. ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ, ಶಿವನ ವಾರ, ಬಸವಣ್ಣನಿಗೆ ರಜ. ಮಂಟಪ ಕಟ್ಟುವವನಿಗೆ ರಜ ಕೊಡಬೇಕಾದವರು ಸಾಯುವವರು. ಅವರಲ್ಲಿ ಅರ್ಜಿ ಹಾಕುವುದು ಹೇಗೆ?

ಆ ವರ್ಷ ನನಗೆ ಬೇಕಾಗಿದ್ದದ್ದು ಒಂದು ದಿನ. ನನ್ನ ತಂಗಿ ಗೌರಿ ಘಟ್ಟದ ಕೆಳಗೆ ನೂಲಿನ ಗಿರಣಿಗೆ ಕೆಲಸಕ್ಕೆ ಹೋದವಳು ಅಲ್ಲೇ ಒಬ್ಬ ತಮಿಳರ ಹುಡುಗನನ್ನು ಮದುವೆಯಾದಳು. ಸತ್ಯಮಂಗಲ ದಾಟಿ ಗೋಬಿ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ಹುಡುಗ ಒಳ್ಳೆಯವನು, ಲಾರಿ ಓಡಿಸುತ್ತಾನೆ, ಹೆಚ್ಚು ದಿನ ದಾರಿಯಲ್ಲೇ ಇರುತ್ತಾನೆ. ಮನೆಯಲ್ಲಿ ಅತ್ತೆಯದೇ ಆಡಳಿತ. ಆಕೆ ಬೈಯುವವಳಲ್ಲ. ‘ಬೆಟ್ಟದ ಮೇಲಿನವರು, ಅವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು’ ಎಂದು ಬಂದವರೆದುರು ನಗುನಗುತ್ತ ಹೇಳುವವಳು. ಅಪ್ಪ ಅಮ್ಮ ಇಬ್ಬರೂ ಇಲ್ಲದ ಗೌರಿಗೆ ತವರು ಅಂದರೆ ನಾನೊಬ್ಬನೇ. ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಆ ಕಡೆ ಕೂಸಿಗೆ ಕಿವಿ ಚುಚ್ಚುವುದೆಂದರೆ ಮದುವೆಯಷ್ಟೇ ಸಂಭ್ರಮ. ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು, ಓಲೆ ಅವನೇ ತರಬೇಕು. ಮಾವ ಬರದ ಕೂಸು ಅಂದರೆ ದಿಕ್ಕಿಲ್ಲದ ತಾಯಿ ಹೆತ್ತ ಕೂಸು ಎಂದೇ ಬೀದಿಯವರ ಲೆಕ್ಕ. ಗೌರಿ ಫೋನಿನಲ್ಲಿ, ‘ಅಣ್ಣ, ನೀ ಬಂದು ಒಂದ್ ಗಳಿಗ ಚಾಪ ಮ್ಯಾಲ ಕುಂತ್ಕಂಡ್ರ ಸಾಕು, ನಂಗ ಇಲ್ಲಿ ಬದುಕು ಗಟ್ಟಿಯಾಯ್ತದ’ ಅಂದಳು. ತಮಿಳರ ಆವಣಿ ತಿಂಗಳ, ಅಂದರೆ ನಮ್ಮ ಶ್ರಾವಣದ ಹೊತ್ತಿನ ಮುಹೂರ್ತ. ನಾನು ಓಲೆ ಮಾಡಿಸಿ ಇಟ್ಟುಕೊಂಡೆ.

ಅದೇ ಹೊತ್ತಿಗೆ ದೊಡ್ಡಯ್ಯ ಮಂಚ ಹಿಡಿದರು.

ದೊಡ್ಡಯ್ಯ ಅಂದರೆ ನಮ್ಮೂರ ದೊಡ್ಡಮನೆಯ ಯಜಮಾನ ಪುಟ್ಟಮಾದಪ್ಪ. ತಿಗನಾರೆಯ ಕಡೆಯಿಂದ ಬರುವಾಗ ಕಣ್ಣಿಗೆ ಬೀಳುವ ಒಳ್ಳೆಯ ಹೊಲಗಳೆಲ್ಲ ಅವರವೇ. ಊರಲ್ಲಿ ಯಾರ ಮದುವೆಗೆ ಯಾರು ಚಪ್ಪರ ಹಾಕಬೇಕು, ಯಾರು ಅಡಿಗೆ ಮಾಡಬೇಕು ಎನ್ನುವುದು ಅವರ ಜಗಲಿಯಲ್ಲೇ ತೀರ್ಮಾನ. ನನ್ನ ಅನ್ನ ಅವರ ಬಾಯಲ್ಲಿತ್ತು. ಕಾಡು ಬಾ ಅನ್ನುತ್ತಿತ್ತು, ಊರು ಹೋಗು ಅನ್ನುತ್ತಿತ್ತು, ಅವರಿಗೆ ಮಾತ್ರ ಎರಡೂ ಕೇಳಿಸುತ್ತಿರಲಿಲ್ಲ.

ಶ್ರಾವಣದ ಜಡಿಮಳೆ ಹಿಡಿದಿತ್ತು. ನೆನೆಯುವಷ್ಟು ಬರದ, ಬಟ್ಟೆ ಒಣಗಲೂ ಬಿಡದ ಮಳೆ. ಮಾರನೆಯ ದಿನ ಗೌರಿಯ ಮನೆಗೆ ಹೊರಡಬೇಕು ಅನ್ನುವಾಗ ದೊಡ್ಡಯ್ಯನ ಹಿರಿಯ ಮಗ ನಂಜಪ್ಪ ಬಂದು ಕರೆದುಕೊಂಡು ಹೋದ. ದೊಡ್ಡಯ್ಯ ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಎದೆ ಗೊರಗೊರ ಅನ್ನುತ್ತಿತ್ತು.

‘ಎಲ್ಲಿಗ್ಲಾ ಒಂಟಿದ್ದಯ್?’

‘ತಂಗಿ ಮನಗ, ಅಯ್ಯ. ಕೂಸಿನ ಕಿವಿ ಚುಚ್ತಾರ. ನನ್ ತೊಡ ಮ್ಯಾಲೇ ಕೂರ್ಸಬೇಕಂತ. ಓಗ್ಬುಟ್ಟು ನಾಳಿದ್ದು ಬಂದ್ಬುಡ್ತೀನಿ.’

‘ನಾಳಿದ್ದು’ ಅಂದರು. ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡರು. ‘ಕೂಸಿನ ಕಿವಿ ಎಲ್ಲೂ ಓಡೋಗದಿಲ್ಲ ಕಣ್ಲಾ. ನನ್ ಉಸ್ರು ಓಡೋಯ್ತದ.’

ಬಾಗಿಲಲ್ಲಿ ನಿಂತಿದ್ದ ನಂಜಪ್ಪ ನಕ್ಕ. ನನಗೂ ನಗು ಬಂತು, ಅದೇ ಸಿಟ್ಟು ತರಿಸಿದ್ದು. ಚಾಮರಾಜನಗರದ ಕಡೆಯಿಂದ ಒಬ್ಬ ಬರುತ್ತಾನೆ, ಒಂದು ದಿನದ ಮಟ್ಟಿಗೆ ಅವನಿಗೆ ಹೇಳಿಟ್ಟು ಹೋಗುತ್ತೇನೆ ಎಂದು ಬೇಡಿಕೊಂಡೆ. ದೊಡ್ಡಯ್ಯ ಕಂಬಳಿಯಿಂದ ಕೈ ಆಚೆ ತೆಗೆದು ಬೇಡ ಎಂದು ಅಲ್ಲಾಡಿಸಿದರು. ತಾಳಮಲೆಯಲ್ಲಿದ್ದ ಅವರ ದಾಯಾದಿಯೊಬ್ಬ ಸತ್ತಾಗ ಹೊರಗಿನವನೇ ಬಂದು ಮಂಟಪ ಕಟ್ಟಿದ್ದನಂತೆ. ಓಣಿಯ ತಿರುವಿನಲ್ಲಿ ಹಲಗೆ ಸಡಿಲವಾಗಿ ಹೆಣ ಪಕ್ಕಕ್ಕೆ ವಾಲಿ, ವಿಭೂತಿ ಬಳಿದ ಮುಖ ಹೂವಿನಿಂದ ಆಚೆ ಇಣುಕಿತಂತೆ. ಹೆಗಲು ಕೊಟ್ಟವರೇ ನಕ್ಕುಬಿಟ್ಟರಂತೆ. ‘ಆ ನಗ ಇನ್ನೂ ನನ್ ಕಿವೀಲಿ ಅದ’ ಅಂದರು. ‘ನಿಮ್ಮಪ್ಪ ನಮ್ಮಪ್ಪುನ್ನ ಕೂರ್ಸಿದ್ದು ನಾ ನೋಡಿವ್ನಿ. ಬದುಕಿದ್ದಾಗ್ಲೂ ಅಂವ ಅಷ್ಟು ನೆಟ್ಟಗ ಕುಂತಿರ್ನಿಲ್ಲ. ನನ್ನೂ ಅಂಗೇ ಕೂರ್ಸು. ಆಮೇಲ ನಿನ್ ತಂಗಿ ಮನೇಲಿ ಒಂದ್ ವರ್ಸ ಇದ್ದು ಬಾ, ಯಾರ್ ಬ್ಯಾಡ ಅಂದರು?’

ಹೋಗಿಬಿಡಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ಅವರಿಗೆಲ್ಲ ತಿಂಗಳ ಸಂಬಳ ಬರುತ್ತದೆ. ಸಾವಿಗೆ ತಪ್ಪಿಸಿದವನಿಗೆ ನಮ್ಮೂರಲ್ಲಿ ಮದುವೆಯ ಚಪ್ಪರ ಸಿಗುವುದಿಲ್ಲ. ಚಾಮರಾಜನಗರದವನು ಆಗಲೇ ತನ್ನ ಹೆಸರಿನ ಕಾರ್ಡುಗಳನ್ನು ಟೀ ಅಂಗಡಿಯಲ್ಲಿ ಹಂಚಿ ಹೋಗಿದ್ದ. ಜೊತೆಗೆ ನನಗೂ ಜಂಬವಿತ್ತು. ಅಪ್ಪ ಕಟ್ಟಿದ ಮಂಟಪದಲ್ಲಿ ಒಂದು ಹೆಣವೂ ವಾಲಿರಲಿಲ್ಲ, ನನ್ನದರಲ್ಲೂ ವಾಲಿರಲಿಲ್ಲ. ಗೌರಿಗೆ ಫೋನು ಮಾಡಿದೆ. ಕೂಸಿಗೆ ಜ್ವರ ಎಂದು ಅತ್ತೆಗೆ ಸುಳ್ಳು ಹೇಳಿ ಶಾಸ್ತ್ರ ಮುಂದಕ್ಕೆ ಹಾಕಿಸಿದಳಂತೆ.

ದೊಡ್ಡಯ್ಯ ಸಾಯಲಿಲ್ಲ. ಆವಣಿ ಮುಗಿಯಿತು, ಮಹಾಲಯ ಕಳೆಯಿತು, ಆಯುಧಪೂಜೆಗೆ ಅವರೇ ಜಗಲಿಗೆ ಬಂದು ಕೂತು ಟ್ರ್ಯಾಕ್ಟರಿಗೆ ಕುಂಬಳಕಾಯಿ ಒಡೆಸಿದರು. ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ತಾಳವಾಡಿ ಸಂತೆಗೆ ಹೋದರೂ ನಂಜಪ್ಪನ ಫೋನು ಬರುತ್ತಿತ್ತು, ‘ಎಲ್ಲಿದ್ದಯ್ಲಾ?’ ಎಂದು. ಗದ್ದಲ ಕೇಳಿಸಿದರೆ, ‘ಬಸ್ಸಲ್ಲಿದ್ದಯ?’ ಅನ್ನುತ್ತಿದ್ದ. ಹೆಂಡತಿಯ ತವರಿನ ಊಟ ತಪ್ಪಿಸಿದೆ. ಹಲ್ಲುನೋವಿಗೆ ಸತ್ಯಮಂಗಲಕ್ಕೆ ಹೋಗಬೇಕಾಗಿದ್ದದ್ದನ್ನೂ ತಪ್ಪಿಸಿ ಲವಂಗ ಕಚ್ಚಿಕೊಂಡು ಕೂತೆ. ಶಿವಮ್ಮ ಬೇಸತ್ತು, ‘ಕಟ್ಕಂಡ ಗಂಡುನ್ಗ ನಾ ಇಷ್ಟು ಕಾದಿಲ್ಲ, ನೀ ಆ ಮುದುಕುನ್ಗ ಕಾಯ್ತಿದ್ದಯಲ್ಲ’ ಅಂದಳು.

ಗೌರಿಯ ಅತ್ತೆ ಜೋಯಿಸರ ಹತ್ತಿರ ಹೋಗಿ ಎರಡನೆಯ ಮುಹೂರ್ತ ತಂದಳು. ದೀಪಾವಳಿ ಕಳೆದ ಮೇಲೆ. ಗುಮಟಾಪುರದಲ್ಲಿ ಬೀರೇಶ್ವರನ ಗುಡಿಯ ಮುಂದೆ ಸಗಣಿ ಎರಚಾಡುವ ಹಬ್ಬದ ಮರುದಿನ. ಆ ಹಬ್ಬಕ್ಕೆ ಸುತ್ತಮುತ್ತಲಿನವರೆಲ್ಲ ಕೆಲಸ ಬಿಟ್ಟು ಹೋಗುತ್ತಾರೆ. ಊರಿಗೆ ಊರೇ ಖಾಲಿ. ಮೇಲಿಂದ ಮೇಲೆ ಮಳೆ ಹುಯ್ದು ರಾಗಿ ತೆನೆ ಬಾಗಿ ಮಲಗಿದ್ದವು. ಹಬ್ಬದ ಹಿಂದಿನ ದಿನ ನಾನು ಚೀಲಕ್ಕೆ ಬಟ್ಟೆ ತುಂಬುವಾಗ ನಂಜಪ್ಪನ ಫೋನು ಬಂತು. ಅಯ್ಯನಿಗೆ ಮತ್ತೆ ಎದೆ ಕಟ್ಟಿದೆ, ಬಂದು ಹೋಗಬೇಕಂತೆ.

ಹೋದರೆ ದೊಡ್ಡಯ್ಯ ಗೋಡೆಗೆ ಒರಗಿ ಕೂತಿದ್ದಾರೆ. ಕೆನ್ನೆ ಒಳಗೆ ಹೋಗಿ ಮೂಗು ಉದ್ದವಾಗಿತ್ತು.

‘ಅಳತ ತಕ್ಕಳ್ಲಾ’ ಅಂದರು.

‘ಯಾವ ಅಳತ ಅಯ್ಯ?’

‘ನಂದು. ಆಗ ನೀ ನೋಡ್ದಾಗ ನಾ ಮೈ ತುಂಬ್ಕಂಡಿದ್ದಿ. ಈಗ ಇಳ್ದೋಗಿವ್ನಿ. ಆ ಅಂದಾಜ್ಗ ಕಟ್ಬುಟ್ಟಿಯ, ಡಬ್ಬೀಲಿ ಕಡ್ಲಕಾಳು ಅಲ್ಲಾಡ್ದಂಗ ಅಲ್ಲಾಡ್ಬುಟ್ಟೇನು.’

ಬದುಕಿರುವ ಮನುಷ್ಯನಿಗೆ ಹೆಣದ ಅಳತೆ ತೆಗೆದವನು ಈ ಬೆಟ್ಟದಲ್ಲಿ ನಾನೊಬ್ಬನೇ ಇರಬೇಕು. ಅವರು ತಾವೇ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕೂತರು. ನಾನು ಹಗ್ಗ ಹಿಡಿದು ಭುಜದಿಂದ ಭುಜಕ್ಕೆ, ಮಂಡಿಯಿಂದ ಮಂಡಿಗೆ ಅಳೆದು ಗಂಟು ಹಾಕಿದೆ. ನಂಜಪ್ಪನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡು ನೋಡುತ್ತಿದ್ದಳು. ಹಗ್ಗ ಕತ್ತಿನ ಹತ್ತಿರ ಬಂದಾಗ ದೊಡ್ಡಯ್ಯ ಒಂದು ಕಣ್ಣು ತೆಗೆದರು.

‘ನಾ ಸಾಯ್ಲಿ ಅಂತ ಬೆಟ್ಟದ ಮಾದಪ್ಪುನ್ಗ ಅರಕ ಕಟ್ಟಿದ್ದಯಂತಲ್ಲಾ?’

‘ಅರಕ ಕಟ್ಟಿಲ್ಲ ಅಯ್ಯ’ ಅಂದೆ. ‘ಬರೀ ಬೇಡ್ಕಂಡಿವ್ನಿ.’

ಅವರಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ನಂಜಪ್ಪನ ಹೆಂಡತಿ ನೀರಿಗೆ ಓಡಿದಳು. ಮುದುಕರ ಮುಖ ಕಪ್ಪಿಟ್ಟು ಕಣ್ಣು ಮೇಲಕ್ಕೆ ಹೋದಾಗ ನಾನು ಬಾಗಿಲ ಕಡೆ ನೋಡಿ, ಮನೆಗೆ ಓಡಿ ಹಲಗೆ ತರಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದ್ದು ನಿಜ. ಇವತ್ತು ಹೋದರೆ ನಾಳೆ ಸಂಜೆಯೊಳಗೆ ಎಲ್ಲ ಮುಗಿಸಿ ಗೌರಿಯ ಮನೆ ಸೇರಬಹುದಿತ್ತು. ಅವರು ನೀರು ಕುಡಿದು, ಬಾಯಿ ಒರೆಸಿಕೊಂಡು, ‘ಇವತ್ತಲ್ಲ ಕಣ್ಲಾ’ ಅಂದರು. ನನ್ನ ಲೆಕ್ಕವನ್ನು ನಾನು ಎದೆಯ ಮೇಲೆ ಬರೆದುಕೊಂಡಿದ್ದರೂ ಅವರು ಅಷ್ಟು ಸಲೀಸಾಗಿ ಓದುತ್ತಿರಲಿಲ್ಲ. ಆದರೂ ‘ಎರಡ್ ದಿವ್ಸ ಇಲ್ಲೇ ಇರು’ ಎಂದು ನಂಜಪ್ಪ ನನಗೆ ಅಂದಾಗ ಹೌದೆಂದು ತಲೆಯಾಡಿಸಿದರು.

ಎರಡನೆಯ ಸಲ ಕೂಸಿಗೆ ಜ್ವರ ಬರಿಸಲು ಗೌರಿಗೆ ಆಗಲಿಲ್ಲ. ಕೂಸು ಅಂಗಳದಲ್ಲಿ ಅಂಬೆಗಾಲಿಟ್ಟು ಓಡಾಡುತ್ತಿತ್ತು, ಅತ್ತೆಯ ಕಣ್ಣು ನೆಟ್ಟಗಿತ್ತು. ಅಣ್ಣನಿಗೆ ಕೆಲಸ ಎಂದಳಂತೆ. ‘ಏನು ಕೆಲಸ?’ ಎಂದು ಅತ್ತೆ ಕೇಳಿದಳಂತೆ. ಸಾಯುವವರನ್ನು ಕಾಯುವ ಕೆಲಸ ಎಂದು ಮಂಗಳದ ಮನೆಯಲ್ಲಿ ಹೇಗೆ ಹೇಳುವುದು? ಆ ಮುಹೂರ್ತವೂ ತಪ್ಪಿತು. ಆ ಮೇಲೆ ನನಗೆ ಫೋನು ಮಾಡಿದಾಗ ಅವಳ ದನಿ ಬೇರೆಯಾಗಿತ್ತು.

‘ಕಾರ್ತಿಗ ತಿಂಗ್ಳಲ್ಲಿ ಕಡೇ ಮುಹೂರ್ತ ಅದಂತ ಅಣ್ಣ. ಮಾರ್ಗಳಿ ತಿಂಗ್ಳು ಉಟ್ಟುದ್ರ ಸುಬಕಾರ್ಯ ಮಾಡಂಗಿಲ್ವಂತ. ಈ ಸಲ ಮುಂದಕ್ ಆಕದಿಲ್ಲ ಅಂತ ಅತ್ತ ಏಳ್ಬುಟ್ಟವ್ರ. ನಿಮ್ಮಣ್ಣ ಬಂದ್ರ ಬರ್ಲಿ, ಬರ್ದಿದ್ರ ಯಾರ್ನಾದ್ರೂ ಕೂರ್ಸದು ಅಂದ್ರು. ನಂಗ ನೀ ಒಬ್ನೇ ಕಣಣ್ಣ ಇರದು. ನೀ ಬರ್ದಿದ್ರ ನಾ ಈ ಮನೇಲಿ ತಲ ಎತ್ಕಂಡು ಓಡಾಡಕಾಗದಿಲ್ಲ.’

‘ಬತ್ತೀನಿ ಕಣವ್ವ’ ಅಂದೆ. ‘ಅಯ್ಯ ಸತ್ರೂ ಬತ್ತೀನಿ, ಬದುಕಿದ್ರೂ ಬತ್ತೀನಿ.’

ನಿಜವಾಗಿಯೂ ಹೊರಟೆ. ಯಾರಿಗೂ ಹೇಳಲಿಲ್ಲ. ಮುಹೂರ್ತದ ಹಿಂದಿನ ದಿನ ಬೆಳಿಗ್ಗೆ ಕೂಸಿಗೆ ರೇಷ್ಮೆಯ ಲಂಗ, ಗೌರಿಗೆ ಸೀರೆ, ತೆಂಗಿನಕಾಯಿ, ಓಲೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮಂಜಿನಲ್ಲಿ ಬಸ್ಸಿಗೆ ಕಾದೆ. ಬಸ್ಸು ಬಂತು, ಹತ್ತಿದೆ, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಹೊರಡಬೇಕು ಅನ್ನುವಾಗ ನಂಜಪ್ಪನ ಬೈಕು ಬಸ್ಸಿಗೆ ಅಡ್ಡ ಬಂದು ನಿಂತಿತು.

‘ಇಳೀಲಾ ಕೆಳಕ. ಅಯ್ಯ ಉಸ್ರು ಎಳೀತಾವ್ರ.’

‘ಎಷ್ಟ್ ಸಲ ಅಣ್ಣ ಎಳೆಯದು?’ ಅಂದೆ.

ಇಡೀ ಬಸ್ಸು ನನ್ನ ಕಡೆ ತಿರುಗಿತು. ನಂಜಪ್ಪ ಮೇಲೆ ಹತ್ತಿ ನನ್ನ ತೊಡೆಯ ಮೇಲಿದ್ದ ಚೀಲಕ್ಕೆ ಕೈ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಅಪ್ಪ ಸಾಯುತ್ತಿದ್ದಾನೆ ಎಂದು ಅವನೂ ನಂಬಿಯೇ ಬಂದಿದ್ದ. ಕಂಡಕ್ಟರು ತಮಿಳಿನಲ್ಲಿ, ‘ಬರುತ್ತೀಯೋ ಇಳಿಯುತ್ತೀಯೋ ಬೇಗ ಹೇಳಪ್ಪ, ಘಟ್ಟದಲ್ಲಿ ಲಾರಿ ನಿಂತರೆ ಮಧ್ಯಾಹ್ನವಾಗುತ್ತದೆ’ ಅಂದ. ಹಿಂದಿನ ಸೀಟಿನ ಒಬ್ಬ ಅಜ್ಜಿ, ನಾನು ಯಾರೆಂದೂ ಅರಿಯದವಳು, ತೀರ್ಪು ಕೊಟ್ಟೇಬಿಟ್ಟಳು: ‘ಸಾಯೋ ಜೀವ ಬುಟ್ಟು ಓಗ್ಬಾರ್ದು ಕಣಪ್ಪ, ಸಾಪ ತಟ್ತದ. ಇಳಿ ಇಳಿ.’ ಇನ್ನಿಬ್ಬರು ಹೌದು ಹೌದು ಅಂದರು. ಹೋಗುವವರಿಗೆಲ್ಲ ಹೋಗಲು ಊರಿತ್ತು, ನನ್ನೊಬ್ಬನಿಗೆ ಧರ್ಮ ಹೇಳಿದರು. ಚೀಲ ನಂಜಪ್ಪನ ಕೈಯಲ್ಲಿ ಮುಂದೆ ಹೋಯಿತು, ನಾನು ಹಿಂದೆ ಇಳಿದೆ.

ದೊಡ್ಡಯ್ಯನ ಉಸಿರು ಅವತ್ತು ಎಳೆದದ್ದು ನಿಜ. ಇಡೀ ಹಗಲು ಎಳೆಯಿತು. ಊರಿನವರು ಬಂದು ಬಾಯಿಗೆ ತೀರ್ಥ ಬಿಟ್ಟು ಹೋದರು. ನಾನು ಹಿತ್ತಲಲ್ಲಿ ಕೂತು ಬಿದಿರು ಸೀಳಿ, ಗೆಣ್ಣು ಕೆತ್ತಿ, ಅಳತೆಯ ಹಗ್ಗದ ಗಂಟಿಗೆ ಸರಿಯಾಗಿ ಚೌಕಟ್ಟು ನಿಲ್ಲಿಸಿದೆ. ಕತ್ತಲಾಗುವ ಮೊದಲು ಗುಂಡಿ ತೋಡಲು ಜಾಗವನ್ನೂ ನೋಡಿ ಬಂದರು. ಬೆಳಗಾಯಿತು. ದೊಡ್ಡಯ್ಯ ಕಣ್ಣು ಬಿಟ್ಟು ಮೂಗು ಅರಳಿಸಿದರು.

‘ಯಾರ್ ಮನೇಲಿ ಅವರ ಬೇಯ್ತಿರದು?’

ಪಕ್ಕದ ಮನೆಯಲ್ಲಿ ಅವರೆಬೇಳೆ ಸಾರು ಕುದಿಯುತ್ತಿತ್ತು. ನಂಜಪ್ಪನ ಹೆಂಡತಿ ಬಟ್ಟಲು ಹಿಡಿದು ಓಡಿದಳು. ಮುದುಕರನ್ನು ಎತ್ತಿ ಒರಗಿಸಿ ಕೂರಿಸಿದರು. ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು ಒಂದೊಂದಾಗಿ ಒಳಗೆ ಹೋಯಿತು. ಮನೆಯವರೆಲ್ಲ ಅತ್ತರು, ಸಂತೋಷಕ್ಕೆ. ನಡುಮನೆಯಿಂದ ಹಿತ್ತಲಿನವರೆಗೂ ಆ ಸೊಗಡು. ಆಗಲೇ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

‘ಎಲ್ಲಿದ್ದಯ ಅಣ್ಣ? ಘಟ್ಟ ಇಳ್ದು ಬಣ್ಣಾರಿ ದಾಟ್ದಾ?’ ಹಿಂದೆ ನಾಗಸ್ವರದ ಸದ್ದು, ಹೆಂಗಸರ ಮಾತು.

‘ಇಲ್ಲ ಕಣವ್ವ. ಊರಲ್ಲೇ ಇವ್ನಿ. ಅಯ್ಯ...’

‘ಸತ್ರಾ?’

‘ಇಲ್ಲ. ಸಾರು ಉಣ್ತಾವ್ರ.’

ಗೌರಿಯ ಕೈಯಿಂದ ಫೋನನ್ನು ಅತ್ತೆ ತೆಗೆದುಕೊಂಡಿರಬೇಕು. ‘ಪರವಾಯಿಲ್ಲೈ ತಂಬಿ’ ಎಂದು ಆಕೆ ಬಹಳ ಮರ್ಯಾದೆಯಿಂದ ಅಂದಳು, ‘ಮೊದಲು ಕೆಲಸ, ಆಮೇಲೆ ಮಿಕ್ಕಿದ್ದು.’ ಆ ಮೇಲೆ ಫೋನನ್ನು ಎಲ್ಲೋ ಇಟ್ಟಳು, ಆದರೆ ನಿಲ್ಲಿಸಲಿಲ್ಲ. ಮರೆತಳೋ, ನಾನು ಕೇಳಲಿ ಎಂದೇ ಬಿಟ್ಟಳೋ ಗೊತ್ತಿಲ್ಲ. ನಾನೂ ಕಿವಿಯಿಂದ ತೆಗೆಯಲಿಲ್ಲ. ‘ಮಾವ ಎಲ್ಲಿ, ಮಾವ ಎಲ್ಲಿ?’ ಎಂದು ಯಾರೋ ಗಂಡಸು ಕೇಳಿದ. ಅತ್ತೆಯ ದನಿ, ನಗು ತುಂಬಿದ ದನಿ, ಎಲ್ಲರಿಗೂ ಕೇಳುವ ಹಾಗೆ: ‘ಫೋಟೋ ತಂಬಿ, ಕ್ಯಾಮೆರಾ ಕೆಳಗಿಟ್ಟು ನೀನೇ ಬಾಪ್ಪ. ಒಂದು ನಿಮಿಷ ಕೂತುಕೋ. ನಿನಗೇ ಪಂಚೆ ಕೊಡುತ್ತೇನೆ.’ ಜನ ನಕ್ಕರು. ನನ್ನ ಹಾಗೆಯೇ ಆರ್ಡರಿಗೆ ಬಂದವನು ಅವನು. ಮಾವನ ಪಂಚೆ ಉಟ್ಟು, ಮಾವನ ಹಾರ ಹಾಕಿಸಿಕೊಂಡು, ನನ್ನ ತಂಗಿಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕೂಸು ಚೀರಿತು. ಹೆಂಗಸರು ನಾಲಿಗೆ ಆಡಿಸಿ ಕುಲವೆ ಎಂಬ ಮಂಗಳದ ಕೂಗು ಹಾಕಿದರು. ಇನ್ನೊಂದು ಕಿವಿಗೆ ಕೂಸು ಮತ್ತೆ ಚೀರಿತು. ಗೌರಿಯ ದನಿ ಎಲ್ಲೂ ಕೇಳಿಸಲಿಲ್ಲ.

ನಡುಮನೆಯಿಂದ ದೊಡ್ಡಯ್ಯ ಕೂಗಿದರು, ‘ಮಾದೇಸುನ್ಗೂ ಒಂದ್ ಬಟ್ಲು ಸಾರು ಬುಡಿ, ಪಾಪ.’ ತಂದುಕೊಟ್ಟರು. ನಾನು ಕುಡಿದೆ. ಅದನ್ನು ನೆನೆದರೇ ಈಗಲೂ ಮೈ ಉರಿಯುತ್ತದೆ.

ಅವರು ಹೋದದ್ದು ಅದಾಗಿ ವಾರಕ್ಕೆ, ಹಗಲು ಹೊತ್ತಿನಲ್ಲಿ, ಯಾರಿಗೂ ಸುದ್ದಿ ಕೊಡದೆ. ಸುದ್ದಿ ನನಗೆ ತಡವಾಗಿ ಮುಟ್ಟಿತು, ಹಲಗೆ ಹಗ್ಗ ಎತ್ತಿಕೊಂಡು ಓಡಿದೆ. ಇಷ್ಟು ಕಾಯಿಸಿದ ಮುದುಕರನ್ನು ಯಾರೂ ಬೆರಳೆತ್ತಿ ತೋರಿಸದ ಹಾಗೆ ಕೂರಿಸಬೇಕು ಎಂಬ ಒಂದೇ ಹಟವಿತ್ತು. ದೊಡ್ಡಮನೆಯ ಅಂಗಳದಲ್ಲಿ ಒಂದು ಬಿಳಿ ವ್ಯಾನು ಹಿಂದಕ್ಕೆ ಬರುತ್ತಿತ್ತು. ಇಬ್ಬರು ಆಳುಗಳು ಗಾಜಿನ ಮುಚ್ಚಳದ ಉದ್ದನೆಯ ಪೆಟ್ಟಿಗೆ ಇಳಿಸಿದರು. ಹೆಣ ಕೆಡದಂತೆ ಇಡುವ ಐಸ್ ಪೆಟ್ಟಿಗೆ. ನಮ್ಮೂರಿಗೆ ಅದು ಬಂದದ್ದು ಅದೇ ಮೊದಲು.

ನಂಜಪ್ಪ ಕಿವಿಯಿಂದ ಫೋನು ತೆಗೆದು ನನ್ನ ಹತ್ತಿರ ಬಂದ. ‘ನಮ್ ಮಲ್ಲೇಸ ಬರ್ಬೇಕು ಕಣ’ ಅಂದ. ಮಲ್ಲೇಶ ಅವನ ತಮ್ಮ, ಗುಜರಾತಿನಲ್ಲಿ ಬ್ಯಾಂಕಿನ ಆಫೀಸರು. ‘ರಜ ಸಿಕ್ಕಿಲ್ವಂತ. ನಾಳಿದ್ದು ಬತ್ತಾನ. ಅಲ್ಲಿಗಂಟ ಇಟ್ಕಬೇಕಲ್ಲ.’

‘ಅದ್ರೊಳಗ ಕೂರ್ಸಕಾಗದಿಲ್ಲ ಅಣ್ಣ.’

‘ಗೊತ್ತು. ಮಲಗ್ಸದೇಯ. ಈಗೆಲ್ಲ ಅಂಗೇ ಅಲ್ವ, ಯಾರ್ ಕೇಳ್ತಾರ?’ ನನ್ನ ಕೈಯ ಹಲಗೆ ನೋಡಿ ಭುಜ ತಟ್ಟಿದ. ‘ರಜ ಬೇಕು ರಜ ಬೇಕು ಅಂತಿದ್ದಲ್ಲಾ, ಓಗು ಈಗ.’

ಒಳಗೆ ಇಣುಕಿದೆ. ದೊಡ್ಡಯ್ಯ ಗೋಡೆಗೆ ಒರಗಿ, ಕಾಲು ಮಡಿಸಿಕೊಂಡು, ಬೆನ್ನು ನೆಟ್ಟಗಿಟ್ಟುಕೊಂಡೇ ಪ್ರಾಣ ಬಿಟ್ಟಿದ್ದರು. ಹೊತ್ತು ಬಂದದ್ದು ಗೊತ್ತಾಗಿ ತಾವೇ ಎದ್ದು ಕೂತಿರಬೇಕು. ಮೈ ಆಗಲೇ ಬಿಗಿಯತೊಡಗಿತ್ತು. ಪೆಟ್ಟಿಗೆಯ ಆಳುಗಳಲ್ಲಿ ಒಬ್ಬ ಎದೆ ಹಿಡಿದ, ಇನ್ನೊಬ್ಬ ಮಂಡಿಗಳ ಮೇಲೆ ಎರಡೂ ಕೈಯಿಟ್ಟು ಮೈಭಾರ ಬಿಟ್ಟು ಒತ್ತಿದ. ಮಂಡಿಯ ಸದ್ದು ಬಾಗಿಲವರೆಗೆ ಕೇಳಿಸಿತು. ಒಂದು ಕಾಲು ಮತ್ತೆ ಮತ್ತೆ ಮೇಲೇಳುತ್ತಿತ್ತು, ಮುಚ್ಚಳ ಕೂರಲಿಲ್ಲ, ಕೊನೆಗೆ ಪಂಚೆಯಲ್ಲಿ ಎರಡೂ ಕಾಲು ಸೇರಿಸಿ ಕಟ್ಟಿದರು. ಬಂದ ಜನ ಗಾಜಿನ ಮೇಲೆ ಬಗ್ಗಿ, ಮಲಗಿದ ಹಾಗೇ ಇದ್ದಾರೆ, ಎಂದರು. ನನಗೆ ಅಯ್ಯೋ ಅನಿಸಿತು. ಸರಿಯಾಯಿತು ಎಂದೂ ಅನಿಸಿತು. ಹಲಗೆಯನ್ನು ಅವರ ಹಿತ್ತಲ ಗೋಡೆಗೆ ಒರಗಿಸಿ, ಮನೆಗೆ ಹೋಗಿ ಚೀಲ ತೆಗೆದುಕೊಂಡು ಬಸ್ಸು ಹತ್ತಿದೆ. ಈ ಸಲ ಯಾರೂ ಅಡ್ಡ ಬರಲಿಲ್ಲ.

ಸತ್ಯಮಂಗಲದಲ್ಲಿ ಕತ್ತಲಾಗಿ ಅಲ್ಲೇ ಉಳಿದು, ಬೆಳಿಗ್ಗೆ ಗೌರಿಯ ಮನೆಗೆ ಹೋದೆ. ಬಾಗಿಲು ತೆಗೆದವಳು ಅವಳೇ.

‘ಬನ್ನಿ’ ಅಂದಳು.

ಹುಟ್ಟಿದಾಗಿನಿಂದ ನನ್ನನ್ನು ಬಾ ಹೋಗು ಅಂದವಳು. ಅತ್ತೆ ನಗುತ್ತಲೇ ಕುರ್ಚಿ ಹಾಕಿದಳು, ಕಾಫಿ ಕೊಟ್ಟಳು, ಬೆಟ್ಟದ ಮೇಲೆ ಚಳಿಯೇ ಎಂದು ಕೇಳಿದಳು. ನಾನು ಓಲೆಯ ಪೊಟ್ಟಣ, ಲಂಗ, ಸೀರೆ ಎಲ್ಲವನ್ನೂ ತೆಗೆದು ಗೌರಿಯ ಕೈಗೆ ಕೊಟ್ಟೆ. ಅವಳು ಬಿಚ್ಚಿ ನೋಡದೆ ಟಿ.ವಿ.ಯ ಪಕ್ಕ ಇಟ್ಟಳು. ಕೂಸು ನೆಲದ ಮೇಲೆ ಲೋಟ ಉರುಳಿಸಿಕೊಂಡು ಆಡುತ್ತಿತ್ತು. ಕಿವಿಗಳು ಇನ್ನೂ ಊದಿಕೊಂಡು ಕೆಂಪಗಿದ್ದವು, ಎಣ್ಣೆ ಹಚ್ಚಿದ್ದರು. ಕೈ ಚಾಚಿದೆ. ಅದು ಹೊಸ ಮುಖ ಕಂಡು ಅತ್ತೆಯ ಸೀರೆ ಹಿಡಿದುಕೊಂಡಿತು.

‘ಗೌರಿ, ನಾ ಏನ್ ಮಾಡ್ಲಿ ಏಳು’ ಎಂದು ಮೆಲ್ಲಗೆ ಅಂದೆ. ಅವಳು ನನ್ನ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕರಿಬೇವು ಕೇಳಿಕೊಂಡು ಬಂದಳು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು, ಒಳಗಿಂದ ಕರಿಬೇವಿನ ಎಸಳು ಹಿಡಿದು ಬಂದ ಗೌರಿಯ ಮುಖ ನೋಡಿದಳು. ನಮ್ಮಿಬ್ಬರದೂ ಅಮ್ಮನ ಮೂಗು, ಅಮ್ಮನ ಹಣೆ. ‘ಅಣ್ಣನಾ ಗೌರಿ?’ ಎಂದು ತಮಿಳಿನಲ್ಲಿ ಕೇಳಿದಳು.

ಗೌರಿ ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಕರಿಬೇವನ್ನು ಆಕೆಯ ಕೈಗಿಟ್ಟಳು.

‘ಅಣ್ಣ ಇದ್ದಿದ್ದರೆ ಅವತ್ತು ಬರುತ್ತಿರಲಿಲ್ಲವಾ ಅಕ್ಕಾ?’ ಎಂದು ತಮಿಳಿನಲ್ಲೇ ಹೇಳಿದಳು. ‘ಇವರು ನಮ್ಮ ಊರಿನವರು. ಅಲ್ಲಿ ಯಾರಾದರೂ ಸತ್ತರೆ ಮಂಟಪ ಕಟ್ಟುತ್ತಾರೆ.’

ಅತ್ತೆ ಕೂಸನ್ನು ಎತ್ತಿಕೊಂಡಳು. ಪಕ್ಕದ ಮನೆಯಾಕೆ ನನ್ನ ಕಡೆ ತಿರುಗಿದಳು. ನಾನು ಕುರ್ಚಿಯಿಂದ ಎದ್ದು, ‘ಆಮಾಂಗ, ಹೌದು, ಊರಿನವನೇ’ ಎಂದು ಕೈ ಮುಗಿದೆ.